ನುಗ್ಗೇಹಳ್ಳಿಯ ಕಪ್ಪು ಕಲ್ಲು, ಗೊರೂರಿನ ಕಾಗೆಬಂಗಾರ

ನುಗ್ಗೇಹಳ್ಳಿಯ ಹೆಸರು ಕೇಳಿದೊಡನೆ ಹಾಸನ ಸೀಮೆಯವರಿಗೆ ನೆನಪಾಗುವುದು 1246ರ ಲಕ್ಷ್ಮೀನರಸಿಂಹ ದೇವಾಲಯ. ಭೂವಿಜ್ಞಾನಿಗಳ ಗುಂಪಿನಲ್ಲಿ ಅದೇ ಹೆಸರು ಎತ್ತಿದರೆ ಮಾತು ದೇವಾಲಯದ ಕಡೆಗೆ ಹೋಗುವುದೇ ಇಲ್ಲ, ನೇರ ನೆಲದೊಳಕ್ಕೆ ಇಳಿಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದುಹೋಗುವ ಸುಮಾರು 60 ಕಿಲೋಮೀಟರ್ ಉದ್ದದ ಒಂದು ಕಿರಿದಾದ, ಬಹಳ ಹಳೆಯ ಶಿಲಾಪಟ್ಟಿಗೆ ಅವರು ಇಟ್ಟಿರುವ ಹೆಸರು ಅದು. ಅಲ್ಲಿಯ ಬೈರಾಪುರದಲ್ಲಿ ಸರ್ಕಾರಿ ಸಂಸ್ಥೆಯಾದ ಮೈಸೂರು ಮಿನರಲ್ಸ್ ಸುರಂಗ ತೋಡಿ ಕ್ರೋಮೈಟ್ ಅದಿರನ್ನು ತೆಗೆಯಿತು. ತಗಡೂರಿನ ಕಡೆ ಸಿಗುವ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಜೊತೆ ಟೈಟೇನಿಯಂ ಮತ್ತು ವೆನೇಡಿಯಂ ಬೆರೆತಿವೆ.

ಹೈಸ್ಕೂಲಿನ ಗೋಡೆಯ ಮೇಲೆ ತೂಗುಹಾಕಿರುವ ಆವರ್ತ ಕೋಷ್ಟಕದ ಎದುರು ನಿಂತು ನೋಡಿದರೆ ಟೈಟೇನಿಯಂ 22, ವೆನೇಡಿಯಂ 23, ಕ್ರೋಮಿಯಂ 24. ಮ್ಯಾಂಗನೀಸ್ ಒಂದನ್ನು ಬಿಟ್ಟು ಮುಂದಿನದು ಕಬ್ಬಿಣ, 26. ಕೋಷ್ಟಕದಲ್ಲಿ ಅಕ್ಕಪಕ್ಕ ಕೂತಿರುವ ಧಾತುಗಳು ಒಂದೇ ತಾಲ್ಲೂಕಿನ ನೆಲದಲ್ಲೂ ಅಕ್ಕಪಕ್ಕ ಬಿದ್ದಿವೆ. ಮಕ್ಕಳು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆಯುತ್ತಾರೆ. ಆದರೆ ಧಾತುವಿಗೆ ಹೀಗೊಂದು ಪೂರ್ಣಸಂಖ್ಯೆ ಇದೆ ಎಂಬುದೇ 1913ರವರೆಗೆ ಯಾರಿಗೂ ಖಚಿತವಿರಲಿಲ್ಲ. ಅಲ್ಲಿಗೆ ಬರಲು ರಸಾಯನವಿಜ್ಞಾನಿಗಳು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ತೂಗಿದರು, ಸುಟ್ಟರು, ಜಗಳವಾಡಿದರು, ಹಲವು ಸಲ ದಾರಿ ತಪ್ಪಿದರು. ಪರಮಾಣುವನ್ನು ಕಣ್ಣಾರೆ ಕಂಡು ಒಪ್ಪಿದವರು ಯಾರೂ ಇಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಅಳತೆಗಳು, ತೂಕದ್ದು ಒಂದು, ಬೆಳಕಿನ ಬಣ್ಣದ್ದು ಇನ್ನೊಂದು, ಕಾಲದ್ದು ಮತ್ತೊಂದು, ಕೊನೆಗೆ ಒಂದೇ ಉತ್ತರ ಕೊಟ್ಟಾಗ ಒಪ್ಪದೆ ಬೇರೆ ದಾರಿ ಇರಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳ ಕಲ್ಲು, ಮಣ್ಣು, ಬೆಳೆಗಳನ್ನೇ ಹಿಡಿದುಕೊಂಡು ಆ ಒಪ್ಪಿಗೆಯ ಕಥೆ ಹೇಳುವುದು ಈ ಉಪನ್ಯಾಸದ ಕೆಲಸ.

ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಪರಮಾಣುವಿನ ಚರ್ಚೆ ಯೂರೋಪಿನ ಪ್ರಯೋಗಶಾಲೆಗಳಿಗಿಂತ ಎಷ್ಟೋ ಶತಮಾನ ಮೊದಲೇ ನಡೆದಿತ್ತು. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಗೊಮ್ಮಟನನ್ನು ನಿಲ್ಲಿಸಿದ. ಅವನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದ ವೃತ್ತಿ ಬರೆದ. ಜೈನ ತತ್ತ್ವಶಾಸ್ತ್ರ ಜಡವಸ್ತುವನ್ನು ಪುದ್ಗಲ ಎನ್ನುತ್ತದೆ. ಅದರ ಕೊನೆಯ, ಇನ್ನು ಒಡೆಯಲಾಗದ ಭಾಗ ಪರಮಾಣು. ಪರಮಾಣುಗಳು ಕೂಡಿದರೆ ಸ್ಕಂಧ. ಒಂದೊಂದು ಪರಮಾಣುವಿಗೂ ಒಂದು ಬಣ್ಣ, ಒಂದು ರುಚಿ, ಒಂದು ವಾಸನೆ, ಎರಡು ಬಗೆಯ ಸ್ಪರ್ಶ. ಅವು ಯಾಕೆ ಕೂಡುತ್ತವೆ ಎಂಬ ಪ್ರಶ್ನೆಗೂ ಉತ್ತರವಿದೆ. ಕೆಲವು ಸ್ನಿಗ್ಧ, ಕೆಲವು ರೂಕ್ಷ. ಈ ಗುಣಗಳ ಮಟ್ಟದಲ್ಲಿ ತಕ್ಕಷ್ಟು ಅಂತರವಿದ್ದಾಗ ಬಂಧ ಏರ್ಪಡುತ್ತದೆ.

ವೈಶೇಷಿಕರ ದಾರಿ ಬೇರೆ. ಕಣಾದನ ಪರಂಪರೆಯಲ್ಲಿ ಪೃಥ್ವಿ, ಅಪ್ಪು, ತೇಜಸ್ಸು, ವಾಯು ಎಂದು ನಾಲ್ಕು ಜಾತಿಯ ಪರಮಾಣುಗಳು. ಮಣ್ಣಿನದು ಎಂದೂ ನೀರಿನದಾಗದು. ಜೈನರು ಇದನ್ನು ಒಪ್ಪಲಿಲ್ಲ. ಅವರ ಪಾಲಿಗೆ ಪರಮಾಣುಗಳೆಲ್ಲ ಮೂಲದಲ್ಲಿ ಒಂದೇ ಜಾತಿ, ವ್ಯತ್ಯಾಸವೆಲ್ಲ ಗುಣದ ಮಟ್ಟದಲ್ಲಿ ಮತ್ತು ಜೋಡಣೆಯಲ್ಲಿ. ಇಪ್ಪತ್ತನೆಯ ಶತಮಾನದ ಭೌತವಿಜ್ಞಾನ ಎಲ್ಲ ಧಾತುಗಳನ್ನೂ ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನುಗಳ ಬೇರೆ ಬೇರೆ ಎಣಿಕೆಯಾಗಿ ಬಿಡಿಸಿಟ್ಟಿದ್ದನ್ನು ಬಲ್ಲವರಿಗೆ ಇಲ್ಲಿ ಮೈ ಜುಮ್ಮೆನ್ನುವುದು ಸಹಜ. ವೇದಿಕೆಗಳ ಮೇಲೆ ‘ನಮ್ಮವರು ಇದನ್ನೆಲ್ಲ ಆಗಲೇ ಹೇಳಿದ್ದರು’ ಎಂಬ ಮಾತು ಹುಟ್ಟುವುದೂ ಇಲ್ಲಿಯೇ.

ಆ ಮಾತಿನಿಂದ ಶ್ರವಣಬೆಳಗೊಳದ ಪಂಡಿತರಿಗೆ ಗೌರವ ಹೆಚ್ಚುವುದಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆಯಾಗಿತ್ತು. ಜೀವಕ್ಕೆ ಅಂಟುವ ಕರ್ಮವೂ ಜೈನರಿಗೆ ಪುದ್ಗಲವೇ. ಅದು ಹೇಗೆ ಅಂಟುತ್ತದೆ, ಹೇಗೆ ಕಳಚುತ್ತದೆ ಎಂದು ತಿಳಿಯಲು ಪರಮಾಣುವಿನ ತನಕ ಹೋಗಬೇಕಾಯಿತು. ಒಳ್ಳೆಯ ತರ್ಕದಿಂದ ಅಲ್ಲಿಗೆ ಹೋದರು. ಒಂದು ಪರಮಾಣುವಿನ ತೂಕ ಇನ್ನೊಂದಕ್ಕಿಂತ ಎಷ್ಟು ಪಟ್ಟು ಎಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಗ್ರೀಸಿನ ಡೆಮಾಕ್ರಿಟಸನಿಗೂ ಬಿದ್ದಿರಲಿಲ್ಲ. ಆ ಪ್ರಶ್ನೆ ಹುಟ್ಟಬೇಕಾದರೆ ತಕ್ಕಡಿ ಬೇಕಿತ್ತು, ಮುಚ್ಚಿದ ಗಾಜಿನ ಪಾತ್ರೆ ಬೇಕಿತ್ತು.

ತಕ್ಕಡಿಯ ಮಾತಿಗೆ ಬರುವ ಮುನ್ನ ಬಳಪದ ಕಲ್ಲನ್ನು ಕೈಗೆತ್ತಿಕೊಳ್ಳಬಹುದು. ಹೊಯ್ಸಳರ ಶಿಲ್ಪಿಗಳು ಉಳಿಯಿಂದ ಕುಸುರಿ ತೆಗೆದದ್ದು ಇಂಥ ಮೆದು ಕಲ್ಲಿನಲ್ಲಿ. ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಇದರ ಜಾತಿಯ ಕಲ್ಲುಗಳಿವೆ. ಜೊತೆಗೆ ನೀಲಿ ಛಾಯೆಯ ಕಯನೈಟ್, ಕೆಂಪು ಗಾರ್ನೆಟ್ ಕೂಡ. 1789ರಲ್ಲಿ ಪ್ಯಾರಿಸ್ಸಿನ ಲವಾಸಿಯೆಯ ಕೈಗೆ ಈ ಕಲ್ಲುಗಳನ್ನು ಕೊಟ್ಟಿದ್ದರೆ ಅವನು ಏನು ಹೇಳುತ್ತಿದ್ದ ಎಂದು ಊಹಿಸುವುದು ಕಷ್ಟವಲ್ಲ, ಯಾಕೆಂದರೆ ಆ ವರ್ಷವೇ ಅವನು 33 ಮೂಲವಸ್ತುಗಳ ಪಟ್ಟಿ ಪ್ರಕಟಿಸಿದ. ಯಾವ ಉಪಾಯದಿಂದಲೂ ಇನ್ನಷ್ಟು ಒಡೆಯಲಾಗದ್ದು ಧಾತು ಎಂಬುದು ಅವನ ಲೆಕ್ಕ. ಅದರಲ್ಲಿ ಆಕ್ಸಿಜನ್, ಹೈಡ್ರೋಜನ್, ಚಿನ್ನ, ಬೆಳ್ಳಿಗಳ ಜೊತೆಗೆ ಬೆಳಕೂ ಇತ್ತು, ಶಾಖವೂ ಇತ್ತು. ಮೆಗ್ನೀಷಿಯಾ, ಅಲ್ಯುಮಿನ, ಸಿಲಿಕಾ, ಸುಣ್ಣ ಕೂಡ ಇದ್ದವು. ಹಾಗಾಗಿ ಅವನ ಪಾಲಿಗೆ ಬಳಪದ ಕಲ್ಲು ಎಂದರೆ ಮೆಗ್ನೀಷಿಯಾ ಮತ್ತು ಸಿಲಿಕಾ ಎಂಬ ಎರಡು ಮೂಲವಸ್ತುಗಳ ಜೊತೆ ಒಂದಿಷ್ಟು ನೀರು. ಕಯನೈಟ್ ಎಂದರೆ ಅಲ್ಯುಮಿನ, ಸಿಲಿಕಾ.

ತಪ್ಪು, ಆದರೆ ಪ್ರಾಮಾಣಿಕವಾದ ತಪ್ಪು. ಈ ಪಟ್ಟಿ ಈಗಿನ ಕೈಚಳಕದ ಮಿತಿಗೆ ತಕ್ಕದ್ದು, ಮುಂದೆ ಈ ‘ಮಣ್ಣು’ಗಳೂ ಒಡೆಯಬಹುದು ಎಂಬ ಅನುಮಾನ ಲವಾಸಿಯೆಗೇ ಇತ್ತು. ಕ್ರಾಂತಿಯ ಸರ್ಕಾರ 1794ರಲ್ಲಿ ಅವನ ತಲೆ ಕಡಿಸಿತು. ಸಿಲಿಕಾದಿಂದ ಸಿಲಿಕಾನ್, ಅಲ್ಯುಮಿನದಿಂದ ಅಲ್ಯುಮಿನಿಯಂ ಬೇರೆಯಾಗಿ ಕೈಗೆ ಬಂದದ್ದು 1820ರ ದಶಕದಲ್ಲಿ.

ಒಡೆಯಲಾಗದ್ದನ್ನು ಒಡೆಯುವ ಹೊಸ ಆಯುಧ ವಿದ್ಯುತ್ತು. ಲಂಡನ್ನಿನ ಹಂಫ್ರಿ ಡೇವಿ 1807ರ ಅಕ್ಟೋಬರಿನಲ್ಲಿ ಮರದ ಬೂದಿಯಿಂದ ಬರುವ ಪೊಟ್ಯಾಷನ್ನು ತೇವ ಮಾಡಿ, ವೋಲ್ಟಾನ ಬ್ಯಾಟರಿಯ ಎರಡು ತುದಿಗಳನ್ನು ಅದಕ್ಕೆ ತಾಗಿಸಿದ. ಪಾದರಸದಂತೆ ಹೊಳೆಯುವ ಸಣ್ಣ ಗುಂಡುಗಳು ಹೊರಬಂದು, ಕೆಲವು ಹೊರಬರುತ್ತಲೇ ಉರಿದುಹೋದವು. ಅದು ಪೊಟ್ಯಾಸಿಯಂ. ಡೇವಿ ಕೋಣೆಯ ತುಂಬ ಕುಣಿದಾಡಿದನೆಂದು ಅಲ್ಲೇ ಇದ್ದ ಅವನ ಸೋದರಸಂಬಂಧಿ ಹೇಳಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಂ, ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೇರಿಯಂ, ಸ್ಟ್ರಾಂಷಿಯಂ. ಕೊನೆಯದರ ಹೆಸರು ಸ್ಕಾಟ್ಲೆಂಡಿನ ಸ್ಟ್ರಾಂಷಿಯನ್ ಎಂಬ ಹಳ್ಳಿಯದು. ಈ ಧಾತುವನ್ನು ಗೊರೂರಿನಲ್ಲಿ ಮತ್ತೆ ಭೇಟಿಯಾಗಬೇಕಿದೆ.

ಮುಂಗಾರಿಗೆ ಮೊದಲು ಹಾಸನದ ರೈತರು ಆಲೂಗೆಡ್ಡೆ ಬಿತ್ತನೆಗೆ ಪೊಟ್ಯಾಷ್ ಗೊಬ್ಬರದ ಚೀಲ ಹೊತ್ತು ತರುವಾಗ ಅದರೊಳಗೆ ಇರುವುದು ಡೇವಿಯನ್ನು ಕುಣಿಸಿದ ಅದೇ ಧಾತು. ಆಲೂಗೆಡ್ಡೆ ಅದನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ. ಡೇವಿಗೆ ಗೊತ್ತಿರದ ಸಂಗತಿಯೊಂದಿದೆ. ಪೊಟ್ಯಾಸಿಯಂ ಪರಮಾಣುಗಳಲ್ಲಿ ಹತ್ತು ಸಾವಿರಕ್ಕೆ ಒಂದು ಚಿಲ್ಲರೆ ಪೊಟ್ಯಾಸಿಯಂ-40 ಎಂಬ ಅಸ್ಥಿರ ಬಗೆ. ಒಂದು ಕಿಲೋ ಆಲೂಗೆಡ್ಡೆಯಲ್ಲಿ ಪ್ರತಿ ಸೆಕೆಂಡಿಗೆ ಇಂಥ ನೂರಕ್ಕೂ ಹೆಚ್ಚು ಪರಮಾಣುಗಳು ಕ್ಯಾಲ್ಸಿಯಂ ಆಗಿಯೋ ಆರ್ಗಾನ್ ಆಗಿಯೋ ಮಾರ್ಪಡುತ್ತಿರುತ್ತವೆ. ತಿನ್ನುವವರು ಹೆದರಬೇಕಿಲ್ಲ. ಮನುಷ್ಯನ ಮೈಯಲ್ಲೇ ಪ್ರತಿ ಸೆಕೆಂಡಿಗೆ ಇಂಥವು ನಾಲ್ಕು ಸಾವಿರದಷ್ಟು ನಡೆಯುತ್ತಿವೆ.

ಡೇವಿ ಹೊಸ ಧಾತುಗಳನ್ನು ಹೊರಗೆಳೆಯುತ್ತಿದ್ದ ಕಾಲಕ್ಕೆ ಮ್ಯಾಂಚೆಸ್ಟರಿನಲ್ಲಿ ನೇಕಾರನ ಮಗನೊಬ್ಬ ಪಾಠ ಹೇಳಿ ಹೊಟ್ಟೆ ಹೊರೆಯುತ್ತ, ಬಿಡುವಿನಲ್ಲಿ ದಿನದಿನದ ಹವೆಯ ಲೆಕ್ಕ ಬರೆದಿಡುತ್ತಿದ್ದ. ಜಾನ್ ಡಾಲ್ಟನ್. ಒಂದೊಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವು, ಬೇರೆ ಧಾತುವಿನವು ಬೇರೆ ತೂಕದವು ಎಂದು 1803ರಲ್ಲಿ ಅವನು ಹಿಡಿದ ಪಟ್ಟು ಎಲ್ಲವನ್ನೂ ಬದಲಿಸಿತು. ಹೈಡ್ರೋಜನ್ ಪರಮಾಣುವನ್ನು 1 ಎಂದಿಟ್ಟುಕೊಂಡು ಉಳಿದವನ್ನು ಅದರ ಲೆಕ್ಕದಲ್ಲಿ ಹೇಳಿದ. ಒಂದು ಪರಮಾಣುವನ್ನೂ ತಕ್ಕಡಿಗೆ ಹಾಕದೆ ಪರಮಾಣುಗಳನ್ನು ತೂಗಿದ್ದು ಅವನ ಚಮತ್ಕಾರ. ಆದರೆ ನೀರಿನಲ್ಲಿ ಎಷ್ಟು ಹೈಡ್ರೋಜನ್ ಪರಮಾಣು, ಎಷ್ಟು ಆಕ್ಸಿಜನ್ ಪರಮಾಣು ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ. ಒಂದಕ್ಕೊಂದು ಎಂದು ಊಹಿಸಿದ. ಅದರಿಂದ ಆಕ್ಸಿಜನ್ನಿನ ತೂಕ ಅರ್ಧಕ್ಕಿಂತ ಕಡಿಮೆಯಾಗಿ ಬಂತು.

ಇದನ್ನು ಸರಿಪಡಿಸುವ ಕೀಲಿಕೈ 1811ರಲ್ಲೇ ಇಟಲಿಯ ಅವೊಗಾಡ್ರೋ ಕೊಟ್ಟಿದ್ದ. ಸಮ ಉಷ್ಣತೆ, ಸಮ ಒತ್ತಡದಲ್ಲಿ ಒಂದೇ ಗಾತ್ರದ ಯಾವ ಅನಿಲದಲ್ಲೂ ಅಣುಗಳ ಸಂಖ್ಯೆ ಒಂದೇ ಎಂಬುದು ಅವನ ಸೂತ್ರ. ಸುಮಾರು ಐವತ್ತು ವರ್ಷ ಅದನ್ನು ಯಾರೂ ಗಣಿಸಲಿಲ್ಲ. ಅಷ್ಟರಲ್ಲಿ ಒಬ್ಬೊಬ್ಬ ರಸಾಯನವಿಜ್ಞಾನಿ ಒಂದೊಂದು ತೂಕ ಬಳಸುತ್ತ, ಒಂದೇ ವಸ್ತುವಿಗೆ ಹಲವು ಸೂತ್ರಗಳು ಚಲಾವಣೆಗೆ ಬಂದವು. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಭೆ ಸೇರಿ ಮೂರು ದಿನ ವಾದಿಸಿದರೂ ತೀರ್ಮಾನವಾಗಲಿಲ್ಲ. ಸಭೆ ಮುಗಿದ ಮೇಲೆ ಕ್ಯಾನಿಝಾರೋ ಎಂಬ ಇಟಲಿಯವನ ಸಣ್ಣ ಪುಸ್ತಿಕೆಯೊಂದನ್ನು ಬಂದವರ ಕೈಗೆ ಹಂಚಿದರು. ಅದರಲ್ಲಿ ಅವೊಗಾಡ್ರೋನ ಸೂತ್ರದ ಮೇಲೆ ಎಲ್ಲ ತೂಕಗಳನ್ನೂ ಕ್ರಮವಾಗಿ ಹಾಕಿತ್ತು. ಭಾಷಣಕ್ಕಿಂತ ಕರಪತ್ರ ಹೆಚ್ಚು ಕೆಲಸ ಮಾಡಿದ ಸಭೆ ಅದು! ಕೇಳುತ್ತ ಕುಳಿತವರಲ್ಲಿ 26 ವರ್ಷದ ಮೆಂಡಲೀವ್ ಇದ್ದ.

ಇಲ್ಲಿ ನುಗ್ಗೇಹಳ್ಳಿ ಪಟ್ಟಿಯ ಎರಡು ಧಾತುಗಳ ಗಲಿಬಿಲಿಯನ್ನು ಹೇಳದೆ ಮುಂದೆ ಹೋಗಲಾಗದು. ಕ್ರೋಮಿಯಂನ್ನು 1797ರಲ್ಲಿ ಫ್ರಾನ್ಸಿನ ವೋಕೆಲಿನ್ ಸೈಬೀರಿಯದ ಕೆಂಪು ಖನಿಜದಲ್ಲಿ ಗುರುತಿಸಿದ. ಪಚ್ಚೆಯ ಹಸಿರಿಗೂ ಅದೇ ಕಾರಣವೆಂದು ಕಂಡುಕೊಂಡ. ಹೊಳೆನರಸೀಪುರದ ಪಟ್ಟಿಯಲ್ಲಿ ಹಸಿರು ಅಭ್ರಕ ಬೆರೆತ ಬೆಣಚುಕಲ್ಲು ಸಿಗುತ್ತದೆ. ಆ ಹಸಿರೂ ಕ್ರೋಮಿಯಂನದೇ. ಬೈರಾಪುರದ ಕ್ರೋಮೈಟ್ ಮಾತ್ರ ಇದ್ದಿಲಿನಂತೆ ಕಪ್ಪು. ಇಷ್ಟೆಲ್ಲ ಬಣ್ಣ ಹಚ್ಚುವ ಧಾತು ತನ್ನ ಮನೆಯಲ್ಲಿ ಕರಿಮುಖ ಮಾಡಿಕೊಂಡು ಕೂತಿದೆ. 1801ರಲ್ಲಿ ಮೆಕ್ಸಿಕೋದ ಗಣಿಶಾಲೆಯ ಡೆಲ್ ರಿಯೋ ಸೀಸದ ಅದಿರಿನಲ್ಲಿ ಇನ್ನೊಂದು ಹೊಸ ಧಾತು ಕಂಡ. ಅದರ ಲವಣಗಳಿಗೂ ಬಗೆಬಗೆಯ ಬಣ್ಣ. ಮಾದರಿಯನ್ನು ಪ್ಯಾರಿಸ್ಸಿಗೆ ಕಳಿಸಿದಾಗ ಅಲ್ಲಿಯ ಪಂಡಿತರು ಇದು ಹೊಸದೇನಲ್ಲ, ಕ್ರೋಮಿಯಂ ಎಂದುಬಿಟ್ಟರು. ಡೆಲ್ ರಿಯೋ ತನ್ನ ಮಾತನ್ನು ಹಿಂದಕ್ಕೆ ಪಡೆದ. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಕಬ್ಬಿಣದ ಅದಿರಿನಲ್ಲಿ ಅದನ್ನೇ ಮತ್ತೆ ಕಂಡು ವೆನೇಡಿಯಂ ಎಂದು ಕರೆದ. ಎರಡೂ ಒಂದೇ ಎಂದು ಮರುವರ್ಷ ಸಾಬೀತಾಯಿತು. ಅಷ್ಟಾದರೂ ಅದರ ಪರಮಾಣು ತೂಕ ತಪ್ಪಾಗಿಯೇ ಇತ್ತು. ಬರ್ಜೀಲಿಯಸ್‌ನಂಥ ಮಹಾ ನಿಪುಣ ಶುದ್ಧ ಲೋಹವೆಂದು ಬಗೆದು ಲೆಕ್ಕ ಹಾಕಿದ ವಸ್ತುವಿನೊಳಗೆ ಆಕ್ಸಿಜನ್ ಅಡಗಿತ್ತು, ತೂಕ 68.5 ಎಂದು ಬಂತು. ಮ್ಯಾಂಚೆಸ್ಟರಿನ ರಾಸ್ಕೋ 1860ರ ದಶಕದ ಕೊನೆಗೆ ಅದನ್ನು ಹೊರಗೆಡವಿ 51.3ಕ್ಕೆ ಇಳಿಸಿದ.

ಸಮಯಕ್ಕೆ ಸರಿಯಾಗಿ ಇಳಿಸಿದ. 1869ರಲ್ಲಿ ಮೆಂಡಲೀವ್ ಅಂದಿಗೆ ತಿಳಿದಿದ್ದ 63 ಧಾತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿ, ಗುಣಗಳು ಮರಳಿ ಮರಳಿ ಬರುವುದನ್ನು ತೋರಿಸಿದ. ಎಲ್ಲಿ ಗುಣ ಹೊಂದಲಿಲ್ಲವೋ ಅಲ್ಲಿ ಜಾಗ ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುವಿನ ತೂಕ, ಸಾಂದ್ರತೆಗಳನ್ನು ಮುಂಚಿತವಾಗಿ ಹೇಳಿದ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಆ ಜಾಗಗಳನ್ನು ತುಂಬಿದವು. ಆದರೂ ಕೆಲವು ಕಡೆ ಅವನು ತನ್ನ ನಿಯಮವನ್ನೇ ಮುರಿಯಬೇಕಾಯಿತು. ಗುಣ ನೋಡಿ ಟೆಲ್ಯೂರಿಯಂನ್ನು ಅಯೋಡಿನ್ನಿಗೆ ಮುಂಚೆ ಇಟ್ಟ. ತೂಕ ನೋಡಿದರೆ ಹಿಂದು ಮುಂದಾಗಬೇಕಿತ್ತು. ತೂಕವನ್ನು ಅಳೆದವರೇ ತಪ್ಪಿದ್ದಾರೆ ಎಂದು ಅವನು ಹಟ ಹಿಡಿದ. ಅಳೆದವರು ಸರಿಯಾಗಿಯೇ ಅಳೆದಿದ್ದರು.

ಕೋಷ್ಟಕ ಗೆದ್ದರೂ ಪರಮಾಣುವಿನ ಬಗ್ಗೆ ಅನುಮಾನ ಹೋಗಲಿಲ್ಲ. ಲೆಕ್ಕಕ್ಕೆ ಅನುಕೂಲವಾದ ಕಲ್ಪನೆ, ಅಷ್ಟೆ ಎನ್ನುವವರಲ್ಲಿ ಜರ್ಮನಿಯ ಓಸ್ಟ್‌ವಾಲ್ಡ್‌ನಂಥ ದೊಡ್ಡವರಿದ್ದರು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ನಿಲ್ಲದ ನಡುಗಾಟವನ್ನು 1827ರಲ್ಲಿ ರಾಬರ್ಟ್ ಬ್ರೌನ್ ಕಂಡಿದ್ದ. ಅಣುಗಳು ಬಂದು ಬಡಿಯುವುದೇ ಅದಕ್ಕೆ ಕಾರಣವಾದರೆ ಕಣ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಸರಿಯಬೇಕೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟ. ಫ್ರಾನ್ಸಿನ ಪೆರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದ, ಲೆಕ್ಕ ತಾಳೆಯಾಯಿತು. ಬೇರೆ ಬೇರೆ ವಿಧಾನಗಳಿಂದಲೂ ಹೆಚ್ಚುಕಡಿಮೆ ಅದೇ ಅವೊಗಾಡ್ರೋ ಸಂಖ್ಯೆ ಬಂತು. ಓಸ್ಟ್‌ವಾಲ್ಡ್ ಸೋಲೊಪ್ಪಿಕೊಂಡ.

ಇದರಲ್ಲೊಂದು ವ್ಯಂಗ್ಯವಿದೆ. ಪರಮಾಣು ನಿಜವೆಂದು ಎಲ್ಲರೂ ಒಪ್ಪುವ ಹೊತ್ತಿಗೆ ಅದು ಒಡೆದುಹೋಗಿತ್ತು. 1896ರಲ್ಲಿ ಬೆಕೆರಲ್ ಯುರೇನಿಯಂನ ವಿಕಿರಣ ಕಂಡ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಹಿಡಿದ. 1898ರ ಜುಲೈನಲ್ಲಿ ಮೇರಿ ಮತ್ತು ಪಿಯರಿ ಕ್ಯೂರಿ ಪೊಲೋನಿಯಂ ಕಂಡುಹಿಡಿದು, ಮೇರಿಯ ತಾಯ್ನಾಡಾದ ಪೋಲೆಂಡಿನ ಹೆಸರನ್ನು ಅದಕ್ಕಿಟ್ಟರು. ಡಿಸೆಂಬರಿನಲ್ಲಿ ರೇಡಿಯಂ. ರುದರ್‌ಫರ್ಡ್ ಮತ್ತು ಸಾಡಿ 1902ರ ಹೊತ್ತಿಗೆ ಒಂದು ಧಾತು ತಾನಾಗಿಯೇ ಇನ್ನೊಂದಾಗುತ್ತದೆ ಎಂದು ತೋರಿಸಿದರು. ಲವಾಸಿಯೆಯ ವ್ಯಾಖ್ಯೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇರಲಿಲ್ಲ.

ಪೊಲೋನಿಯಂ ಎಂಬುದು ದೂರದ ಪ್ರಯೋಗಶಾಲೆಯ ವಸ್ತುವೆಂದು ಅರಕಲಗೂಡು ತಾಲ್ಲೂಕಿನವರು ತಿಳಿಯಬೇಕಿಲ್ಲ. ಕಾವೇರಿ ದಂಡೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. ಸುತ್ತಲಿನ ಹಳ್ಳಿಗಳ ಬ್ಯಾರನ್‌ಗಳಲ್ಲಿ ಹದವಾದ ಹೊಗೆಸೊಪ್ಪು ಅಲ್ಲಿಗೆ ಬರುತ್ತದೆ. ಎಲ್ಲ ಮಣ್ಣಿನಲ್ಲೂ ಲೇಶಮಾತ್ರ ಯುರೇನಿಯಂ ಇರುತ್ತದೆ. ಅದು ಕ್ಷಯಿಸುತ್ತ ರೇಡಾನ್ ಅನಿಲವಾಗಿ ಗಾಳಿಗೆ ಸೇರಿ, ಅಲ್ಲಿಂದ ಸೀಸ-210 ಆಗಿ ಕೆಳಗಿಳಿಯುತ್ತದೆ. ತಂಬಾಕಿನ ಎಲೆಯ ಮೇಲಿನ ಅಂಟು ರೋಮಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರೂ ಒಂದಿಷ್ಟು ಹೀರುತ್ತದೆ. ಸೀಸ-210 ಕಾಲಕ್ರಮದಲ್ಲಿ ಪೊಲೋನಿಯಂ-210 ಆಗುತ್ತದೆ. ಅದರ ಅರ್ಧಾಯುಷ್ಯ 138 ದಿನ. ಸಿಗರೇಟಿನ ಬಿಸಿಗೆ ಅದು ಆವಿಯಾಗಿ ಹೊಗೆಯ ಜೊತೆ ಶ್ವಾಸಕೋಶ ಸೇರುತ್ತದೆಂದು 1964ರಲ್ಲಿ ಅಮೆರಿಕದ ರ‍್ಯಾಡ್‌ಫರ್ಡ್ ಮತ್ತು ಹಂಟ್ ಪ್ರಕಟಿಸಿದರು. ಇದು ಯಾವುದೇ ಊರಿನ ತಂಬಾಕಿನ ಗುಣ, ಅರಕಲಗೂಡಿನದೊಂದೇ ಅಲ್ಲ. ಹಾಗೆಂದು ಬೀಡಿ ಹಚ್ಚುವವರಿಗೆ ಸಮಾಧಾನ ಸಿಗುವಂಥದ್ದೂ ಅಲ್ಲ.

1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆಯೆಂದು ಹೇಳಿದ. ಅವನ ಹುಡುಗರ ಗುಂಪಿನಲ್ಲಿ ಹೆನ್ರಿ ಮೋಸ್ಲಿ ಎಂಬ ತರುಣನಿದ್ದ. ಧಾತುಗಳಿಗೆ ಎಲೆಕ್ಟ್ರಾನು ಬಡಿದಾಗ ಹೊರಬರುವ ಎಕ್ಸ್-ಕಿರಣಗಳ ಆವರ್ತನವನ್ನು ಒಂದೊಂದಾಗಿ ಅಳೆಯುವುದು ಅವನ ಯೋಜನೆ. ಗಾಳಿ ತೆಗೆದ ಕೊಳವೆಯೊಳಗೆ ಪುಟ್ಟ ಹಳಿ, ಹಳಿಯ ಮೇಲೆ ಪುಟ್ಟ ಗಾಡಿ, ಗಾಡಿಯ ಮೇಲೆ ಸಾಲಾಗಿ ಧಾತುಗಳ ತುಣುಕು. ರೇಷ್ಮೆ ದಾರ ಎಳೆದು ಒಂದಾದ ಮೇಲೆ ಒಂದನ್ನು ಕಿರಣದ ಎದುರಿಗೆ ತರುತ್ತಿದ್ದ. 1913ರಲ್ಲಿ ಅವನು ಮೊದಲು ಪ್ರಕಟಿಸಿದ ಸಾಲು ಕ್ಯಾಲ್ಸಿಯಂನಿಂದ ಸತುವಿನವರೆಗೆ. ಟೈಟೇನಿಯಂ, ವೆನೇಡಿಯಂ, ಕ್ರೋಮಿಯಂ, ಕಬ್ಬಿಣ ಎಲ್ಲವೂ ಅದರಲ್ಲಿದ್ದವು. ನುಗ್ಗೇಹಳ್ಳಿ ಪಟ್ಟಿಯ ಧಾತುಗಳೇ ಆ ಐತಿಹಾಸಿಕ ಚಿತ್ರದ ನಡುಭಾಗ ಎಂದರೆ ಅತಿಶಯವಲ್ಲ.

ಅವನಿಗೆ ಕಂಡದ್ದು ಇದು. ಟೈಟೇನಿಯಂನ ತೂಕ 47.9, ವೆನೇಡಿಯಂನದು 50.9, ಕ್ರೋಮಿಯಂನದು 52. ಮೊದಲ ನೆಗೆತ 3, ಎರಡನೆಯದು 1ಕ್ಕಿಂತ ತುಸು ಹೆಚ್ಚು. ತೂಕದ ಏಣಿ ಹೀಗೆ ಅಡ್ಡಾದಿಡ್ಡಿ, ಬೋಳು ಬೆಟ್ಟ ಹತ್ತಿದಂತೆ. ಆವರ್ತನದ ವರ್ಗಮೂಲ ತೆಗೆದು ನೋಡಿದರೆ ಗೊಮ್ಮಟ ನಿಂತಿರುವ ವಿಂಧ್ಯಗಿರಿಯಲ್ಲಿ ಕಡೆದ ಮೆಟ್ಟಿಲು. ಒಂದು ಧಾತುವಿನಿಂದ ಮುಂದಿನದಕ್ಕೆ ಪ್ರತಿ ಸಲವೂ ಒಂದೇ ಎತ್ತರ. ಆ ಮೆಟ್ಟಿಲಿನ ಎಣಿಕೆಯೇ ಪರಮಾಣು ಸಂಖ್ಯೆ, ನ್ಯೂಕ್ಲಿಯಸ್‌ನ ಧನ ವಿದ್ಯುದಂಶ. ತೂಕದಲ್ಲಿ ಕೋಬಾಲ್ಟ್ ನಿಕ್ಕಲಿಗಿಂತ ಹೆಚ್ಚಿದ್ದರೂ ಸಂಖ್ಯೆಯಲ್ಲಿ ಅದು 27, ನಿಕ್ಕಲ್ 28. ಮೆಂಡಲೀವನನ್ನು ಕಾಡಿದ ಟೆಲ್ಯೂರಿಯಂ, ಅಯೋಡಿನ್‌ಗಳ ತೊಡಕೂ ಇದರಿಂದಲೇ ಬಿಡಿಸಿಕೊಂಡಿತು. 43, 61, 75ನೆಯ ಮೆಟ್ಟಿಲುಗಳು ಖಾಲಿ ಇವೆ ಎಂದೂ ಮೋಸ್ಲಿ ಹೇಳಿದ. ಮೂರೂ ಮುಂದೆ ಸಿಕ್ಕವು. ಸಿಕ್ಕಿದ್ದನ್ನು ನೋಡಲು ಅವನಿರಲಿಲ್ಲ. ಮೊದಲನೆಯ ಮಹಾಯುದ್ಧಕ್ಕೆ ತಾನಾಗಿ ಸೇರಿ 1915ರ ಆಗಸ್ಟ್ 10ರಂದು ಗಲಿಪೊಲಿಯಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 27. ಅದಿರಿನಲ್ಲಿ ಕ್ರೋಮಿಯಂ ಎಷ್ಟಿದೆ, ವೆನೇಡಿಯಂ ಎಷ್ಟಿದೆ ಎಂದು ಪ್ರಯೋಗಶಾಲೆಗಳು ಇಂದು ಪತ್ತೆಮಾಡುವ ಎಕ್ಸ್-ಕಿರಣ ಯಂತ್ರಗಳು ಓದುವುದು ಅವನ ಗೆರೆಗಳನ್ನೇ.

ತೂಕ ಯಾಕೆ ಅಡ್ಡಾದಿಡ್ಡಿ ಎಂಬುದಕ್ಕೂ 1913ರಲ್ಲೇ ಸಾಡಿ ಉತ್ತರ ಕೊಟ್ಟ. ಒಂದೇ ಧಾತುವಿಗೆ ಬೇರೆ ಬೇರೆ ತೂಕದ ಪರಮಾಣುಗಳಿರಬಹುದು; ಅವು ಐಸೊಟೋಪುಗಳು. ಡಾಲ್ಟನ್ನನ ಮೊದಲ ನಿಯಮವೇ ಸಡಿಲಾಯಿತು. 1919ರಲ್ಲಿ ಆಸ್ಟನ್ ಅವನ್ನು ತೂಕದ ಪ್ರಕಾರ ವಿಂಗಡಿಸುವ ಯಂತ್ರ ಕಟ್ಟಿದ. ತೂಕದ ವ್ಯತ್ಯಾಸಕ್ಕೆ ಕಾರಣವಾದ ನ್ಯೂಟ್ರಾನನ್ನು ಚಾಡ್ವಿಕ್ ಕಂಡದ್ದು 1932ರಲ್ಲಿ.

ಇನ್ನು ಗೊರೂರು. ಹೇಮಾವತಿಗೆ ಅಣೆಕಟ್ಟು ಕಟ್ಟಿದ ಈ ಊರಿನ ಸುತ್ತಲಿನ ಬಂಡೆ ಬೂದು ಬಣ್ಣದ ಪಟ್ಟೆಪಟ್ಟೆ ನೈಸ್ ಶಿಲೆ. ಅದರಲ್ಲಿ ಮಿಣಮಿಣ ಹೊಳೆಯುವ ಕಾಗೆಬಂಗಾರದೊಳಗೆ ಪೊಟ್ಯಾಸಿಯಂ ಇದೆ. ಅದರ ಜಾಗದಲ್ಲಿ ಅಲ್ಲಲ್ಲಿ ರುಬಿಡಿಯಂ ನುಸುಳಿಕೊಂಡಿದೆ. ಎರಡೂ ಒಂದೇ ಕುಲದವಾದ್ದರಿಂದ ಹರಳಿಗೆ ಭೇದ ತಿಳಿಯುವುದಿಲ್ಲ. ಈ ರುಬಿಡಿಯಂ ಜಗತ್ತಿಗೆ ಮೊದಲು ಗೊತ್ತಾದದ್ದೂ ಕಾಗೆಬಂಗಾರದ ಜಾತಿಯ ಖನಿಜದಿಂದಲೇ. ಒಂದೊಂದು ಧಾತುವೂ ಜ್ವಾಲೆಯಲ್ಲಿ ತನ್ನದೇ ಬಣ್ಣದ ಗೆರೆಗಳನ್ನು ತೋರುತ್ತದೆಂದು ಕಂಡುಕೊಂಡ ಬುನ್ಸೆನ್ ಮತ್ತು ಕಿರ್ಚಾಫ್, 1861ರಲ್ಲಿ ಹೈಡೆಲ್‌ಬರ್ಗಿನಲ್ಲಿ ಲೆಪಿಡೊಲೈಟ್ ಖನಿಜದ ರೋಹಿತದಲ್ಲಿ ಯಾರೂ ಕಂಡಿರದ ಕಡುಗೆಂಪು ಗೆರೆಗಳನ್ನು ನೋಡಿ ಅದನ್ನು ಹೊಸ ಧಾತುವೆಂದು ಸಾರಿದರು.

ಪ್ರಕೃತಿಯ ರುಬಿಡಿಯಂನಲ್ಲಿ ನೂರಕ್ಕೆ 28 ಭಾಗ ರುಬಿಡಿಯಂ-87. ಅದು ಬಲು ನಿಧಾನವಾಗಿ ಸ್ಟ್ರಾಂಷಿಯಂ-87 ಆಗುತ್ತದೆ, ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಇಡೀ ವಿಶ್ವದ ವಯಸ್ಸೇ 1,380 ಕೋಟಿ ವರ್ಷವಾಗಿರುವಾಗ ಇದೊಂದು ಸೋಮಾರಿ ಗಡಿಯಾರ. ಬಹಳ ಹಳೆಯದನ್ನು ಅಳೆಯಲು ಇಂಥ ಸೋಮಾರಿಯೇ ಬೇಕು. ಒಂದೇ ಕಾಲಕ್ಕೆ ಹುಟ್ಟಿದ ಬಂಡೆಯ ಹಲವು ಮಾದರಿಗಳಲ್ಲಿ ರುಬಿಡಿಯಂ-87 ಮತ್ತು ಸ್ಟ್ರಾಂಷಿಯಂ-87 ಎರಡನ್ನೂ ಬದಲಾಗದ ಸ್ಟ್ರಾಂಷಿಯಂ-86ಕ್ಕೆ ಹೋಲಿಸಿ ಅಳೆದು ರೇಖಾಚಿತ್ರದಲ್ಲಿ ಚುಕ್ಕೆ ಇಟ್ಟರೆ, ಅವು ಒಂದು ಸರಳರೇಖೆಯ ಮೇಲೆ ಕೂರುತ್ತವೆ. ರೇಖೆ ಎಷ್ಟು ಓರೆಯಾಗಿದೆಯೋ ಅದೇ ಬಂಡೆಯ ವಯಸ್ಸು. ಹಾಸನ–ಗೊರೂರು ಸುತ್ತಿನ ನೈಸ್ ಶಿಲೆಯನ್ನು ಹೀಗೆ ಅಳೆದ ಬೆಕಿನ್ಸೇಲ್, ಡ್ರೂರಿ, ಹೋಲ್ಟ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ವಯಸ್ಸು 336 ಕೋಟಿ ವರ್ಷ. ದಕ್ಷಿಣ ಭಾರತದ ಅತ್ಯಂತ ಹಳೆಯ ಬಂಡೆಗಳ ಸಾಲಿಗೆ ಗೊರೂರು ಸೇರಿತು. ಇಷ್ಟು ಕಾಲದಲ್ಲೂ ಅಲ್ಲಿಯ ರುಬಿಡಿಯಂ-87ರಲ್ಲಿ ಕ್ಷಯಿಸಿದ್ದು ನೂರಕ್ಕೆ ಐದು ಭಾಗಕ್ಕಿಂತ ಕಡಿಮೆ.

ಗೊರೂರಿನಿಂದ ಹೆಚ್ಚು ದೂರವೇನಿಲ್ಲ ಹಾಸನದ ಸಾಲಗಾಮೆ ರಸ್ತೆ. ಅಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಊರಿನವರ ಬಾಯಲ್ಲಿ ಎಂ.ಸಿ.ಎಫ್. ಭೂಸ್ಥಿರ ಮತ್ತು ಭೂಸಮಕಾಲಿಕ ಕಕ್ಷೆಯ ಉಪಗ್ರಹಗಳನ್ನು ಮೇಲೇರಿಸಿ, ಅವುಗಳ ಜಾಗದಲ್ಲಿ ನಿಲ್ಲಿಸಿ, ಹಗಲು ರಾತ್ರಿ ಕಾಯುವುದು ಅಲ್ಲಿಯ ಕೆಲಸ. ದಾರಿ ತೋರಿಸುವ ನಾವಿಕ್ ಉಪಗ್ರಹಗಳ ಹೊಟ್ಟೆಯಲ್ಲಿರುವುದು ರುಬಿಡಿಯಂ ಗಡಿಯಾರ, ಅದರಲ್ಲೂ ರುಬಿಡಿಯಂ-87. ಪರಮಾಣು ಗಡಿಯಾರವೆಂದರೆ ವಿಕಿರಣ ಸೂಸುವ ಯಂತ್ರವೆಂದು ಹಲವರು ಬಗೆಯುತ್ತಾರೆ. ಇಲ್ಲಿ ಕ್ಷಯಕ್ಕೆ ಕೆಲಸವೇ ಇಲ್ಲ. ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತ, ಹೊರಗಿನ ಒಂಟಿ ಎಲೆಕ್ಟ್ರಾನು ಇನ್ನೊಂದು. ಅವು ಒಂದೇ ದಿಕ್ಕಿಗೆ ನಿಂತಿರುವುದಕ್ಕೂ ವಿರುದ್ಧ ದಿಕ್ಕಿಗೆ ತಿರುಗುವುದಕ್ಕೂ ಶಕ್ತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಆ ವ್ಯತ್ಯಾಸಕ್ಕೆ ಹೊಂದುವ ಮೈಕ್ರೋತರಂಗ ಸೆಕೆಂಡಿಗೆ ಸುಮಾರು 683 ಕೋಟಿ ಸಲ ಕಂಪಿಸುತ್ತದೆ. ಎಲ್ಲ ರುಬಿಡಿಯಂ-87 ಪರಮಾಣುಗಳಲ್ಲೂ ಅದು ಒಂದೇ. ಬುನ್ಸೆನ್ ಜ್ವಾಲೆಯಲ್ಲಿ ಕಂಡ ಕೆಂಪು ಗೆರೆಗಳು ಯಾಕೆ ಅಲ್ಲೇ ಇವೆ ಎಂದು ಅವನಿಗೆ ಗೊತ್ತಿರಲಿಲ್ಲ. 1913ರಲ್ಲಿ ಬೋರ್ ಆರಂಭಿಸಿ 1920ರ ದಶಕದಲ್ಲಿ ಬೆಳೆದ ಕ್ವಾಂಟಂ ಸಿದ್ಧಾಂತ ಅದನ್ನು ವಿವರಿಸಿತು, ಈ ಗಡಿಯಾರವನ್ನೂ ಸಾಧ್ಯವಾಗಿಸಿತು.

ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಗಡಿಯಾರ ಅಷ್ಟು ತಪ್ಪಿದರೆ ನೆಲದ ಮೇಲಿನ ಲಾರಿಯ ಜಾಗದ ಲೆಕ್ಕವೂ ಹೆಚ್ಚುಕಡಿಮೆ ಒಂದು ಅಡಿ ತಪ್ಪುತ್ತದೆ. 2013ರಿಂದ ಹಾರಿಸಿದ ಮೊದಲ ನಾವಿಕ್ ಉಪಗ್ರಹಗಳಲ್ಲಿ ಹೊರದೇಶದಿಂದ ತರಿಸಿದ ಗಡಿಯಾರಗಳಿದ್ದವು. ಅವುಗಳಲ್ಲಿ ಹಲವು ಕೆಟ್ಟು ನಿಂತವು. ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಮೇಲೇರಿದ್ದು 2023ರ ಮೇ 29ರಂದು, ಎನ್‌ವಿಎಸ್-01 ಉಪಗ್ರಹದಲ್ಲಿ. ಆ ಉಪಗ್ರಹಕ್ಕೆ ನಿಗದಿಯಾದ ಆಯುಷ್ಯ 12 ವರ್ಷ. ಗೊರೂರಿನ ಬಂಡೆಗೆ ಹಾಕಿದ ಲೆಕ್ಕವನ್ನೇ ಇದಕ್ಕೂ ಹಾಕಿದರೆ, ಅಷ್ಟು ಅವಧಿಯಲ್ಲಿ ಗಡಿಯಾರದೊಳಗಿನ ರುಬಿಡಿಯಂ-87ರಲ್ಲಿ ಸ್ಟ್ರಾಂಷಿಯಂ ಆಗಿ ಮಾರ್ಪಡುವುದು ಸುಮಾರು 600 ಕೋಟಿ ಪರಮಾಣುಗಳಿಗೆ ಒಂದು.